ಲಾರಿಯ ಒಡೆತನ: ಒಂದು ಸರಕು ಸಾಗಣೆ ಸಂಸ್ಥೆಯ ಹಿನ್ನೆಲೆ

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯೂ ಮಂಗಳೂರಿನ ಕಡೆಗೆ ಹೋಗುವ ಹೆದ್ದಾರಿಯೂ ಕವಲೊಡೆಯುವ ಸ್ಥಳ ನೆಲಮಂಗಲ. ಅಲ್ಲಿ ಸಂಜೆಯ ಹೊತ್ತು ಅರ್ಧ ಗಂಟೆ ನಿಂತವನಿಗೆ ದಕ್ಷಿಣ ಭಾರತದ ವ್ಯಾಪಾರವೆಲ್ಲ ಕಣ್ಣೆದುರಿನಲ್ಲಿಯೇ ಸಾಗಿಹೋದಂತೆ ತೋರುತ್ತದೆ. ಲಾರಿಗಳ ಬಾಗಿಲ ಮೇಲೆ ಹೆಸರುಗಳಿರುತ್ತವೆ. ಕೆಲವು ಕುಲದೇವತೆಯ ಹೆಸರು, ಕೆಲವು ಮಾಲೀಕನ ಮಕ್ಕಳ ಹೆಸರು, ಇನ್ನು ಕೆಲವು ನಾಡಿಗೆಲ್ಲ ಪರಿಚಿತವಾದ ಸಂಸ್ಥೆಗಳ ಹೆಸರು. ಈ ಲಾರಿಗಳು ಯಾರವು? ಪ್ರಶ್ನೆ ಸರಳವಾಗಿ ಕಂಡರೂ ಇದಕ್ಕೆ ಉತ್ತರ ಹೇಳಹೊರಟವನು ಕಾನೂನು, ಸಾಲ, ಕುಟುಂಬ, ಷೇರುಪೇಟೆ, ರಸ್ತೆ ಎಂಬ ಐದು ಬೇರೆ ಬೇರೆ ಚರಿತ್ರೆಗಳನ್ನು ಓದಬೇಕಾಗುತ್ತದೆ. ಅವು ಒಂದೆಡೆ ಕೂಡುವ ಬಗೆಯನ್ನು ಕರ್ನಾಟಕದ ಒಂದು ದೊಡ್ಡ ಸಂಸ್ಥೆಯ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ. ಆ ಸಂಸ್ಥೆ ಹುಬ್ಬಳ್ಳಿಯ ವಿ.ಆರ್.ಎಲ್. ಲಾಜಿಸ್ಟಿಕ್ಸ್, ಮೊದಲಿನ ಹೆಸರು ವಿಜಯಾನಂದ ರೋಡ್‌ಲೈನ್ಸ್.

೧. ರಸ್ತೆಗಳು

ಚರಿತ್ರೆಯ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ರಸ್ತೆಗಳ ಸಂಖ್ಯೆಯದು. ಹಳೆಯ ಕಾಗದಪತ್ರಗಳಲ್ಲಿ ೪ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೆಂದು ಕಾಣಿಸುವ ಪುಣೆಯ ರಸ್ತೆ ೨೦೧೦ರ ಮರುಸಂಖ್ಯೆಯ ತರುವಾಯ ೪೮ನೆಯದಾಯಿತು. ಹಿಂದೆ ೪೮ ಎಂದರೆ ನೆಲಮಂಗಲದಿಂದ ಹೊರಡುವ ಮಂಗಳೂರು ರಸ್ತೆ. ಅದು ಈಗ ೭೫. ಹೊಸಕೋಟೆಯ ಮೂಲಕ ಕೋಲಾರಕ್ಕೆ ಹೋಗುವ ರಸ್ತೆಯೂ ಇದೇ ೭೫ರ ಮುಂದುವರಿಕೆ. ದೇವನಹಳ್ಳಿಯನ್ನು ಹಾದು ಹೈದರಾಬಾದಿನ ಕಡೆಗೆ ಹೋಗುವ ಹಳೆಯ ೭ನೆಯ ಹೆದ್ದಾರಿ ಇಂದು ೪೪. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಒಂದು ಸರದಂತೆ ಪೋಣಿಸುವ ಹಳೆಯ ೨೦೭ನೆಯ ಹೆದ್ದಾರಿ ೬೪೮ ಎನಿಸಿದೆ. ಆದಕಾರಣ ಹಳೆಯ ರಸೀದಿಯೊಂದರಲ್ಲಿ ಹೆದ್ದಾರಿಯ ಸಂಖ್ಯೆ ಕಂಡಾಗ ಮೊದಲು ಅದರ ತಾರೀಖನ್ನು ನೋಡತಕ್ಕದ್ದು.

೧೯೮೬ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ ರಚಿತವಾದ ಬೆಂಗಳೂರು ಗ್ರಾಮಾಂತರದಿಂದ ೨೦೦೭ರಲ್ಲಿ ರಾಮನಗರದ ಭಾಗ ಬೇರೆಯಾದ ಮೇಲೆ ಉಳಿದ ನಾಲ್ಕು ತಾಲ್ಲೂಕುಗಳೂ ಹೀಗೆ ಮಹಾನಗರದ ಬಾಗಿಲುಗಳಾಗಿ ನಿಂತಿವೆ. ದೊಡ್ಡಬಳ್ಳಾಪುರದ ಮಗ್ಗಗಳ ರೇಷ್ಮೆ ಬಟ್ಟೆ, ಹೊಸಕೋಟೆಯ ತರಕಾರಿ, ದೇವನಹಳ್ಳಿಯ ದ್ರಾಕ್ಷಿ ಮತ್ತು ಚಕ್ಕೋತ, ಇವೆಲ್ಲ ಹೊರಕ್ಕೆ ಹೋಗುವುದು ಇವೇ ರಸ್ತೆಗಳಲ್ಲಿ. ೧೯೯೮ರಿಂದ ಹೊಸಕೋಟೆಯಲ್ಲಿ ವೋಲ್ವೊ ಲಾರಿಗಳು ತಯಾರಾಗತೊಡಗಿದವು. ಎಂದರೆ ಈ ಪ್ರದೇಶದವರು ಲಾರಿಯಿಂದ ಸರಕು ಸಾಗಿಸುವವರೂ ಹೌದು, ಲಾರಿಯನ್ನೇ ನಿರ್ಮಿಸುವವರೂ ಹೌದು. ಹೀಗಿದ್ದರೂ ಈ ಹೆದ್ದಾರಿಗಳ ಮೇಲೆ ಅತ್ಯಂತ ಪರಿಚಿತವಾದ ಕನ್ನಡ ಹೆಸರು ಬೆಳೆದುಬಂದದ್ದು ರಾಜಧಾನಿಯ ನೆರೆಯಲ್ಲಲ್ಲ, ಗದಗಿನಲ್ಲಿ. ಇದಕ್ಕೆ ಕಾರಣವೇನು?

೨. ಕಾನೂನಿನ ಹಿನ್ನೆಲೆ

ಇದನ್ನು ತಿಳಿಯಲು ೧೯೩೯ರ ಮೋಟಾರು ವಾಹನಗಳ ಅಧಿನಿಯಮದಿಂದ ಆರಂಭಿಸಬೇಕು. ಬಾಡಿಗೆಗೆ ಓಡುವ ವಾಹನಕ್ಕೆ ಪರವಾನಗಿ ಬೇಕೆಂಬುದೂ, ಒಂದು ವಲಯದಲ್ಲಿ ಪಡೆದ ಪರವಾನಗಿ ಇನ್ನೊಂದು ವಲಯದಲ್ಲಿ ಸಲ್ಲಬೇಕಾದರೆ ಅಲ್ಲಿಯ ಅಧಿಕಾರಿಯ ಮೇಲುರುಜು ಬೇಕೆಂಬುದೂ ಆ ಕಾನೂನಿನ ಮುಖ್ಯ ವಿಧಿಗಳು. ೧೯೫೬ರ ನವೆಂಬರ್ ೧ರವರೆಗೆ ಗದಗ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಗದಗಿನಿಂದ ಬೆಂಗಳೂರಿಗೆ ಬರುವ ಲಾರಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯವನ್ನು ಪ್ರವೇಶಿಸುತ್ತಿತ್ತು. ಏಕೀಕರಣವನ್ನು ನಾವು ಸಾಮಾನ್ಯವಾಗಿ ಭಾಷೆ ಮತ್ತು ಆಡಳಿತದ ದೃಷ್ಟಿಯಿಂದ ಪಾಠ ಮಾಡುತ್ತೇವೆ. ಉತ್ತರ ಕರ್ನಾಟಕದ ವ್ಯಾಪಾರಿಗೆ ರಾಜಧಾನಿಯ ಪೇಟೆ ಒಂದೇ ರಾಜ್ಯದ ಒಳಗಿನ ದಾರಿಯಾದದ್ದೂ ಏಕೀಕರಣದ ಫಲವೇ ಎಂಬುದನ್ನು ಅದರ ಜೊತೆಗೆ ಹೇಳಬೇಕು.

ಎರಡನೆಯ ಅಂಶ ಜನಸಾಗಣೆಗೂ ಸರಕು ಸಾಗಣೆಗೂ ನಡುವೆ ಸರ್ಕಾರ ಮಾಡಿದ ಭೇದ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ೧೯೪೮ರ ಸೆಪ್ಟೆಂಬರಿನಲ್ಲಿ ೧೨೦ ಬಸ್ಸುಗಳೊಡನೆ ಆರಂಭವಾಗಿ, ೧೯೬೧ರ ಆಗಸ್ಟ್ ೧ರಂದು ನಿಗಮದ ರೂಪ ಪಡೆಯಿತು. ಇದರಿಂದ ರಾಜ್ಯದ ಬಹುಭಾಗದಲ್ಲಿ ಬಸ್ಸಿನ ವ್ಯವಹಾರ ಸರ್ಕಾರದ ಕೈ ಸೇರಿತು. ಲಾರಿಯ ವ್ಯವಹಾರ ಮಾತ್ರ ಖಾಸಗಿಯವರಲ್ಲಿಯೇ ಉಳಿಯಿತು. ೧೯೭೬ರಲ್ಲಿ ಕರ್ನಾಟಕ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಖಾಸಗಿಯವರು ನಡೆಸುತ್ತಿದ್ದ ಒಪ್ಪಂದದ ಬಸ್ಸುಗಳನ್ನು ಶಾಸನದ ಮೂಲಕ ವಶಪಡಿಸಿಕೊಂಡಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. ೧೯೭೭ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಪೀಠವು ರಂಗನಾಥ ರೆಡ್ಡಿ ಪ್ರಕರಣದಲ್ಲಿ ಈ ಶಾಸನವನ್ನು ಎತ್ತಿಹಿಡಿಯಿತು. ಸಂವಿಧಾನದ ೩೯ನೆಯ ಅನುಚ್ಛೇದದಲ್ಲಿ ಬರುವ ‘ಸಮುದಾಯದ ಭೌತಿಕ ಸಂಪನ್ಮೂಲ’ವೆಂಬ ಮಾತಿನೊಳಗೆ ಖಾಸಗಿ ಸ್ವತ್ತೂ ಸೇರುತ್ತದೆಯೆಂಬ ವಿಶಾಲ ಅಭಿಪ್ರಾಯವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ವ್ಯಕ್ತಪಡಿಸಿದ್ದು ಇದೇ ಪ್ರಕರಣದಲ್ಲಿ. ಪೀಠದ ನಾಲ್ವರು ಆ ಅಭಿಪ್ರಾಯಕ್ಕೆ ತಮ್ಮ ಸಮ್ಮತಿಯಿಲ್ಲವೆಂದು ಸೂಚಿಸಿದರು. ನಲವತ್ತೇಳು ವರ್ಷಗಳ ತರುವಾಯ, ೨೦೨೪ರ ನವೆಂಬರಿನಲ್ಲಿ, ಒಂಬತ್ತು ಮಂದಿಯ ಪೀಠವು ಈ ಪ್ರಶ್ನೆಯನ್ನು ಮತ್ತೆ ವಿಚಾರಿಸಿ, ಖಾಸಗಿ ಸ್ವತ್ತೆಲ್ಲವೂ ಸಮುದಾಯದ ಸಂಪನ್ಮೂಲವಾಗದೆಂದು ಬಹುಮತದಿಂದ ಹೇಳಿತು. ಒಂದು ವಾಹನ ಯಾರದೆಂಬ ಪ್ರಶ್ನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನಮ್ಮ ರಾಜ್ಯದ ಬಸ್ಸುಗಳೇ ಹೀಗೆ ಸಾಕ್ಷಿಯಾದವು.

ಮೂರನೆಯದು, ೧೯೭೫ರಲ್ಲಿ ಬಂದ ರಾಷ್ಟ್ರೀಯ ಪರವಾನಗಿಯ ಯೋಜನೆ. ಒಂದೇ ಪರವಾನಗಿಯ ಮೇಲೆ ಹಲವು ರಾಜ್ಯಗಳಲ್ಲಿ ಲಾರಿ ಓಡಿಸಲು ಇದು ಅವಕಾಶ ನೀಡಿತು; ಆದರೆ ಮೊದಮೊದಲು ಇಂಥ ಪರವಾನಗಿಗಳ ಸಂಖ್ಯೆಗೆ ರಾಜ್ಯವಾರು ಮಿತಿಯಿತ್ತು. ೧೯೮೯ರ ಜುಲೈಯಿಂದ ಜಾರಿಗೆ ಬಂದ ೧೯೮೮ರ ಹೊಸ ಅಧಿನಿಯಮವು ಪರವಾನಗಿಯ ಬಿಗಿಯನ್ನು ಇನ್ನಷ್ಟು ಸಡಿಲಿಸಿತು. ಬಸ್ಸಿನಲ್ಲಿ ಬಂಡವಾಳ ಹಾಕುವವನಿಗೆ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿಯೇ ಲಾರಿಯಲ್ಲಿ ಬಂಡವಾಳ ಹಾಕುವವನಿಗೆ ಬಾಗಿಲು ತೆರೆಯುತ್ತಿತ್ತು ಎಂಬುದು ಈ ಮೂರು ಸಂಗತಿಗಳಿಂದ ವಿದಿತವಾಗುತ್ತದೆ.

೩. ಗದಗಿನಿಂದ ಹುಬ್ಬಳ್ಳಿಗೆ

ಒಪ್ಪಂದದ ಬಸ್ಸುಗಳು ಸರ್ಕಾರದ ವಶವಾದ ಅದೇ ೧೯೭೬ರಲ್ಲಿ, ಗದಗಿನ ಮುದ್ರಣ ಮತ್ತು ಪುಸ್ತಕ ಪ್ರಕಟಣೆಯ ಮನೆತನವೊಂದರ ತರುಣ ವಿಜಯ ಸಂಕೇಶ್ವರರು ಒಂದು ಲಾರಿಯೊಡನೆ ಸಾಗಣೆಯ ವ್ಯವಹಾರಕ್ಕಿಳಿದರು. ೧೯೫೦ರಲ್ಲಿ ಜನಿಸಿದ ಅವರಿಗೆ ಆಗ ಇಪ್ಪತ್ತಾರರ ಆಸುಪಾಸು. ಈ ಎರಡು ಘಟನೆಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ಯಾರೂ ಹೇಳಲಾರರು. ಆದರೆ ಎರಡೂ ಒಂದೇ ಕಾಲದ ಒಂದೇ ಭೇದದ ಎರಡು ಮುಖಗಳೆಂದು ಹೇಳುವುದಕ್ಕೆ ಅಡ್ಡಿಯಿಲ್ಲ.

ವ್ಯವಹಾರದ ಕೇಂದ್ರ ಅನಂತರ ಹುಬ್ಬಳ್ಳಿಗೆ ಬಂದಿತು. ೧೯೮೩ರಲ್ಲಿ ವಿಜಯಾನಂದ ರೋಡ್‌ಲೈನ್ಸ್ ಎಂಬ ಹೆಸರಿನಲ್ಲಿ ಖಾಸಗಿ ನಿಯಮಿತ ಕಂಪನಿ ನೋಂದಣಿಯಾಯಿತು. ೧೯೯೦ರ ದಶಕದಲ್ಲಿ ಅದು ಸಾರ್ವಜನಿಕ ನಿಯಮಿತ ಕಂಪನಿಯ ರೂಪ ತಾಳಿತು. ೧೯೯೬ರಲ್ಲಿ ಪ್ರಯಾಣಿಕರ ಬಸ್ಸುಗಳೂ ಸೇರಿದವು. ಎರಡು ದಶಕಗಳ ಹಿಂದೆ ಮುಚ್ಚಿದ್ದ ಬಾಗಿಲು ಖಾಸಗಿಯವರಿಗೆ ಮತ್ತೆ ತೆರೆದಿದ್ದ ಕಾಲವದು. ೨೦೦೬ರಲ್ಲಿ ಕಂಪನಿಯ ಹೆಸರು ವಿ.ಆರ್.ಎಲ್. ಲಾಜಿಸ್ಟಿಕ್ಸ್ ಎಂದು ಬದಲಾಯಿತು. ಪುಣೆಯ ಹೆದ್ದಾರಿಯ ಮೇಲೆ, ಹುಬ್ಬಳ್ಳಿಯ ನೆರೆಯ ವರೂರಿನಲ್ಲಿ, ಅದರ ದೊಡ್ಡ ನೆಲೆ ಇದೆ.

ಸ್ಥಾಪಕರ ಇತರ ಕಾರ್ಯಗಳೂ ಸಾರ್ವಜನಿಕ ದಾಖಲೆಗೆ ಸೇರಿದವು. ಅವರು ೧೯೯೬, ೧೯೯೮ ಮತ್ತು ೧೯೯೯ರ ಚುನಾವಣೆಗಳಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು, ೧೯೯೯ರಲ್ಲಿ ‘ವಿಜಯ ಕರ್ನಾಟಕ’ ದಿನಪತ್ರಿಕೆಯನ್ನು ಆರಂಭಿಸಿದರು, ಅದನ್ನು ೨೦೦೬ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಿ, ೨೦೧೨ರಲ್ಲಿ ‘ವಿಜಯವಾಣಿ’ಯನ್ನು ಹೊರತಂದರು, ೨೦೨೦ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ೨೦೨೨ರಲ್ಲಿ ಅವರ ಜೀವನವನ್ನು ಆಧರಿಸಿದ ಚಲನಚಿತ್ರವೂ ಬಂದಿತು. ಜೀವಂತ ಉದ್ಯಮಿಯೊಬ್ಬರ ಬದುಕು ಚಲನಚಿತ್ರವಾಗುವಷ್ಟರಲ್ಲಿ ‘ಒಂದು ಲಾರಿಯಿಂದ ಸಾವಿರಾರು ಲಾರಿ’ ಎಂಬ ಕಥನ ಜನಮನದಲ್ಲಿ ನೆಲೆಗೊಂಡಿರುತ್ತದೆ. ಕಥನ ಸುಳ್ಳಲ್ಲ. ಆದರೆ ಆರಂಭವನ್ನು ಹೇಳುವ ಕಥನ ಬೆಳವಣಿಗೆಯ ಕಾರಣವನ್ನು ಹೇಳುವುದಿಲ್ಲ. ಒಂದು ಲಾರಿಯಿಂದ ಆರಂಭಿಸಿದವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರಲ್ಲಿ ಬಹುಮಂದಿ ಒಂದೆರಡು ಲಾರಿಗಳಲ್ಲಿಯೇ ಉಳಿದಿದ್ದಾರೆ.

೪. ಬಿಡಿ ಸರಕಿನ ವ್ಯವಸ್ಥೆ

ಸರಕು ಸಾಗಣೆಯಲ್ಲಿ ಎರಡು ಬಗೆಯುಂಟು. ಒಬ್ಬನೇ ವ್ಯಾಪಾರಿಯ ಸರಕು ಇಡೀ ಲಾರಿಯನ್ನು ತುಂಬಿದರೆ ಅದು ಪೂರ್ಣ ಹೊರೆ. ಇದಕ್ಕೆ ಬೇಕಾದುದು ಒಂದು ಲಾರಿ, ಒಬ್ಬ ಚಾಲಕ, ಬಾಡಿಗೆ ಹೊಂದಿಸಿಕೊಡುವ ಒಬ್ಬ ದಲ್ಲಾಳಿ. ಹತ್ತು ಲಾರಿಯುಳ್ಳವನಿಗೆ ಒಂದು ಲಾರಿಯುಳ್ಳವನಿಗಿಂತ ಇಲ್ಲಿ ಹೇಳಿಕೊಳ್ಳುವಂಥ ಅನುಕೂಲವಿಲ್ಲ. ಆದಕಾರಣ ಪೂರ್ಣ ಹೊರೆಯ ಕ್ಷೇತ್ರದಲ್ಲಿ ಸಣ್ಣ ಮಾಲೀಕರೇ ತುಂಬಿರುವುದು ಸಹಜ.

ಇನ್ನೊಂದು ಬಗೆ ಬಿಡಿ ಸರಕು. ಜನರ ಮಾತಿನಲ್ಲಿ ಪಾರ್ಸೆಲ್. ದೊಡ್ಡಬಳ್ಳಾಪುರದ ನೇಕಾರನೊಬ್ಬ ಎರಡು ಗಂಟು ಬಟ್ಟೆಯನ್ನು ಬೆಳಗಾವಿಯ ಅಂಗಡಿಗೆ ಕಳುಹಿಸಬೇಕೆಂದು ಭಾವಿಸೋಣ. ಎರಡು ಗಂಟಿಗಾಗಿ ಯಾರೂ ಲಾರಿ ಕಟ್ಟಲಾರರು. ಅದನ್ನು ಬುಕಿಂಗ್ ಕಚೇರಿಯಲ್ಲಿ ತೂಗಿ ರಸೀದಿ ಕೊಡಬೇಕು. ಚಿಕ್ಕ ವಾಹನದಲ್ಲಿ ದೊಡ್ಡ ಗೋದಾಮಿಗೆ ಒಯ್ಯಬೇಕು. ಅಲ್ಲಿ ಬೆಳಗಾವಿಯ ಕಡೆಗೆ ಹೋಗುವ ನೂರಾರು ಜನರ ಸರಕಿನೊಡನೆ ಸೇರಿಸಬೇಕು. ನಡುವೆ ಹುಬ್ಬಳ್ಳಿಯಂಥ ಕೂಡುನೆಲೆಯಲ್ಲಿ ಇಳಿಸಿ ಬೇರೆ ಲಾರಿಗೆ ಏರಿಸಬೇಕು. ಕೊನೆಗೆ ರಸೀದಿ ತಂದವನಿಗೆ ಎಣಿಸಿ ಒಪ್ಪಿಸಬೇಕು. ಈ ಸರಪಳಿಯಲ್ಲಿ ಲಾರಿಯೆಂಬುದು ಒಂದು ಕೊಂಡಿ ಮಾತ್ರ. ಕಚೇರಿ, ಗೋದಾಮು, ಹಮಾಲರು, ಲೆಕ್ಕದ ಪುಸ್ತಕ, ಎಲ್ಲಕ್ಕೂ ಮಿಗಿಲಾಗಿ ವ್ಯಾಪಾರಿಯ ನಂಬಿಕೆ, ಇವು ಉಳಿದ ಕೊಂಡಿಗಳು. ಒಂದು ಹೊಸ ಊರಿನಲ್ಲಿ ಕಚೇರಿ ತೆರೆದರೆ ಆ ಊರಿಗೆ ಮಾತ್ರವಲ್ಲ, ಮೊದಲೇ ಇರುವ ಎಲ್ಲ ಊರುಗಳಿಗೂ ಹೊಸ ದಾರಿ ತೆರೆಯುತ್ತದೆ. ಇಲ್ಲಿ ದೊಡ್ಡದಾಗುವುದರಿಂದಲೇ ಲಾಭ ಹೆಚ್ಚುತ್ತದೆ. ಒಂಟಿ ಲಾರಿಯವನಿಗೆ ಪ್ರವೇಶವೇ ದುರ್ಲಭ. ವಿಜಯಾನಂದ ರೋಡ್‌ಲೈನ್ಸ್ ನೆಲೆಗೊಂಡು ಬೆಳೆದದ್ದು ಈ ಬಿಡಿ ಸರಕಿನ ಕ್ಷೇತ್ರದಲ್ಲಿ. ಉತ್ತರಕ್ಕೆ ಪುಣೆ ಮುಂಬಯಿ, ದಕ್ಷಿಣಕ್ಕೆ ಬೆಂಗಳೂರು, ಪಶ್ಚಿಮಕ್ಕೆ ಕರಾವಳಿ ಇರುವ ಹುಬ್ಬಳ್ಳಿ ಇಂಥ ಕೂಡುನೆಲೆಗೆ ಹೇಳಿಮಾಡಿಸಿದ ಸ್ಥಳ. ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ಬೆಂಗಳೂರು ಸರಕಿನ ಒಂದು ಕೊನೆ, ಹುಬ್ಬಳ್ಳಿ ಸರಕಿನ ನಡುದಾರಿ.

ಸಂಸ್ಥೆಯ ಇನ್ನೊಂದು ವೈಶಿಷ್ಟ್ಯವೂ ಗಮನಾರ್ಹ. ದೇಶದ ಅನೇಕ ದೊಡ್ಡ ಬುಕಿಂಗ್ ಸಂಸ್ಥೆಗಳು ಲಾರಿಗಳನ್ನು ಬಹುಮಟ್ಟಿಗೆ ಬಾಡಿಗೆಗೆ ಹಿಡಿಯುತ್ತವೆ. ಹೆಸರು ಸಂಸ್ಥೆಯದು, ಲಾರಿ ಸಣ್ಣ ಮಾಲೀಕನದು. ವಿ.ಆರ್.ಎಲ್. ಇದಕ್ಕೆ ಭಿನ್ನವಾಗಿ ಸ್ವಂತ ಲಾರಿಗಳ ಮೇಲೆಯೇ ಮುಖ್ಯವಾಗಿ ನಿಂತಿದೆ. ೨೦೧೫ರ ಹೊತ್ತಿಗೆ ಅದರ ಸರಕು ವಾಹನಗಳ ಸಂಖ್ಯೆ ಮೂರೂವರೆ ಸಾವಿರದಷ್ಟಾಗಿತ್ತು. ಹೊಸ ಚಾಸಿಗಳನ್ನು ತಯಾರಕರಿಂದ ಒಟ್ಟಾಗಿ ಕೊಳ್ಳುವುದು, ಮೇಲುಕಟ್ಟನ್ನು ತನ್ನ ಕಾರ್ಖಾನೆಯಲ್ಲಿಯೇ ಕಟ್ಟಿಸುವುದು, ದುರಸ್ತಿಗೆ ಸ್ವಂತ ಕಾರ್ಯಾಗಾರ ಇಟ್ಟುಕೊಳ್ಳುವುದು, ಸಾಲ ತೀರಿದ ಹಳೆಯ ಲಾರಿಯನ್ನು ಚೆನ್ನಾಗಿ ನೋಡಿಕೊಂಡು ದೀರ್ಘಕಾಲ ದುಡಿಸುವುದು, ಇವು ಇದರ ಕ್ರಮಗಳು. ಸಾಲವಿಲ್ಲದ ಹಳೆಯ ಲಾರಿಗೆ ಕಂತಿನ ಹೊರೆಯಿಲ್ಲ; ಮಾರುಕಟ್ಟೆ ಕುಸಿದಾಗಲೂ ಅದು ತನ್ನ ಖರ್ಚನ್ನು ದುಡಿಯಬಲ್ಲದು. ಕಂತಿನ ಮೇಲೆ ಹೊಸ ಲಾರಿ ಕೊಂಡ ಒಂಟಿ ಮಾಲೀಕನಿಗೆ ಈ ಸೌಕರ್ಯವಿಲ್ಲ.

೫. ಒಡೆತನದ ಹಂತಗಳು

ಈಗ ಒಡೆತನದ ಪ್ರಶ್ನೆಗೆ ಬರೋಣ. ಇದರಲ್ಲಿ ನಾಲ್ಕು ಹಂತಗಳನ್ನು ಗುರುತಿಸಬಹುದು.

ಮೊದಲನೆಯದು ವ್ಯಕ್ತಿಯ ಒಡೆತನ. ಲಾರಿ ಒಬ್ಬನ ಹೆಸರಿನಲ್ಲಿದೆ. ನಷ್ಟವಾದರೆ ಅವನ ಮನೆಗೂ ಹೊಲಕ್ಕೂ ತಟ್ಟುತ್ತದೆ. ಎರಡನೆಯದು, ೧೯೮೩ರ ಖಾಸಗಿ ಕಂಪನಿ. ಕಾನೂನಿನ ದೃಷ್ಟಿಯಲ್ಲಿ ಲಾರಿಗಳ ಮಾಲೀಕ ಈಗ ಮನುಷ್ಯನಲ್ಲ, ಕಂಪನಿಯೆಂಬ ಕಾನೂನಿನ ವ್ಯಕ್ತಿ. ಕುಟುಂಬದ ಕೈಯಲ್ಲಿರುವುದು ಲಾರಿಗಳಲ್ಲ, ಷೇರುಗಳು. ನಷ್ಟದ ಹೊಣೆ ಷೇರಿನ ಮೊತ್ತಕ್ಕೆ ಮಿತವಾಯಿತು.

ಮೂರನೆಯ ಹಂತದಲ್ಲಿ ಹೊರಗಿನ ಬಂಡವಾಳ ಪ್ರವೇಶಿಸಿತು. ೨೦೧೨ರಲ್ಲಿ ನ್ಯೂ ಸಿಲ್ಕ್ ರೂಟ್ ಎಂಬ ಬಂಡವಾಳ ಸಂಸ್ಥೆ ೧೨೫ ಕೋಟಿ ರೂಪಾಯಿ ತೊಡಗಿಸಿತು. ನಾಲ್ಕನೆಯದು ೨೦೧೫ರ ಏಪ್ರಿಲ್. ಆ ತಿಂಗಳು ಕಂಪನಿಯ ಷೇರುಗಳನ್ನು ೧೯೫ರಿಂದ ೨೦೫ ರೂಪಾಯಿಯ ಬೆಲೆಯಲ್ಲಿ ಸಾರ್ವಜನಿಕರ ಮುಂದಿಡಲಾಯಿತು. ಹೊಸ ಷೇರುಗಳಿಂದ ಕಂಪನಿಗೆ ಬಂದದ್ದು ೧೧೭ ಕೋಟಿ ರೂಪಾಯಿ. ಉಳಿದುದು ಮೊದಲಿದ್ದ ಷೇರುದಾರರು ತಮ್ಮ ಪಾಲಿನ ಒಂದು ಭಾಗವನ್ನು ಮಾರಿದ್ದು. ಈ ಎರಡರ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು: ಮೊದಲನೆಯ ಹಣ ಲಾರಿಯಾಗಬಹುದು, ಎರಡನೆಯದು ಮಾರಿದವರಿಗೆ ಸಲ್ಲುತ್ತದೆ. ಏಪ್ರಿಲ್ ೩೦ರಂದು ಷೇರುಗಳ ವಹಿವಾಟು ಮುಂಬಯಿಯ ಎರಡೂ ವಿನಿಮಯ ಕೇಂದ್ರಗಳಲ್ಲಿ ಆರಂಭವಾಯಿತು. ಅಂದಿನಿಂದ ನೆಲಮಂಗಲದಲ್ಲಿ ಹಾದುಹೋಗುವ ಆ ಲಾರಿಗಳಲ್ಲಿ ಎಲ್ಲೋ ಕುಳಿತ ಷೇರುದಾರನಿಗೂ ಒಂದು ಕಿಂಚಿತ್ ಪಾಲುಂಟು.

ಹಾಗಾದರೆ ಕುಟುಂಬದ ಹಿಡಿತ ಹೋಯಿತೆ? ಇಲ್ಲ. ಪ್ರವರ್ತಕರ ಪಾಲು ಈಚಿನ ವರ್ಷಗಳಲ್ಲಿ ಶೇಕಡಾ ೬೦ರ ಆಸುಪಾಸಿನಲ್ಲಿದೆ. ಆಡಳಿತದಲ್ಲಿ ಸ್ಥಾಪಕರೊಡನೆ ಅವರ ಪುತ್ರ ಆನಂದ ಸಂಕೇಶ್ವರರೂ ಇದ್ದಾರೆ. ಅರ್ಧಕ್ಕಿಂತ ಹೆಚ್ಚು ಪಾಲುಳ್ಳವನ ಮಾತು ಸಾಮಾನ್ಯ ನಿರ್ಣಯಗಳಲ್ಲಿ ನಡೆಯುತ್ತದೆ. ಆದರೂ ಒಂದು ಬದಲಾವಣೆ ಸ್ಪಷ್ಟ. ಕಂಪನಿ ತನ್ನ ಬಸ್ಸಿನ ವ್ಯವಹಾರವನ್ನು ೨೦೨೨–೨೩ರಲ್ಲಿ ಪ್ರವರ್ತಕರದೇ ಆದ ವಿಜಯಾನಂದ ಟ್ರಾವೆಲ್ಸ್ ಸಂಸ್ಥೆಗೆ ೨೩೦ ಕೋಟಿ ರೂಪಾಯಿಗೆ ಮಾರಿತು. ಒಂದೇ ಕುಟುಂಬದ ಬಲಗೈಯಿಂದ ಎಡಗೈಗೆ ಹೋದಂತೆ ತೋರುವ ಈ ವರ್ಗಾವಣೆಗೂ ಬೆಲೆ ಕಟ್ಟಬೇಕಾಯಿತು, ಷೇರುದಾರರ ಒಪ್ಪಿಗೆ ಬೇಕಾಯಿತು. ಏಕೆಂದರೆ ಬಸ್ಸುಗಳು ಕುಟುಂಬದವಾಗಿರಲಿಲ್ಲ, ಕಂಪನಿಯವಾಗಿದ್ದವು. ಮನೆತನವೂ ಕಂಪನಿಯೂ ಬೇರೆ ಬೇರೆ ಎಂಬ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಒಡೆತನ ಇನ್ನೂ ಬೇರೆ ರೂಪಗಳನ್ನು ತಾಳಬಲ್ಲದೆಂಬುದಕ್ಕೆ ಇಂಗ್ಲೆಂಡಿನ ನಿದರ್ಶನವನ್ನು ನೋಡಬಹುದು. ಅಲ್ಲಿ ೧೯೪೭ರ ಕಾನೂನಿನಿಂದ ದೂರಪ್ರಯಾಣದ ಲಾರಿಗಳು ರಾಷ್ಟ್ರೀಕೃತವಾದವು. ೧೯೫೩ರ ಕಾನೂನಿನಿಂದ ಅವುಗಳಲ್ಲಿ ಹಲವು ಖಾಸಗಿಯವರಿಗೆ ಮರಳಿದವು. ಉಳಿದವು ಮುಂದೆ ರಾಷ್ಟ್ರೀಯ ಸರಕು ನಿಗಮಕ್ಕೆ ಸೇರಿದವು. ೧೯೮೨ರಲ್ಲಿ ಆ ನಿಗಮವನ್ನು ಕೊಂಡುಕೊಂಡವರಲ್ಲಿ ಅದರ ನೌಕರರೇ ಮುಖ್ಯರು. ಲಾರಿ ಓಡಿಸುತ್ತಿದ್ದವರು ಅದರ ಷೇರುದಾರರಾದರು. ಸರ್ಕಾರ, ಖಾಸಗಿ ಮಾಲೀಕ, ನೌಕರ, ಈ ಮೂವರೂ ಮೂವತ್ತೈದು ವರ್ಷಗಳೊಳಗೆ ಅಲ್ಲಿ ಲಾರಿಯ ಒಡೆಯರಾಗಿ ನೋಡಿದರು. ನಮ್ಮಲ್ಲಿ ಸರಕಿನ ಲಾರಿಗೆ ಈ ಪರೀಕ್ಷೆ ನಡೆಯಲಿಲ್ಲ.

೬. ಸಣ್ಣ ಮಾಲೀಕ

ದೊಡ್ಡ ಸಂಸ್ಥೆಯ ಚರಿತ್ರೆಯನ್ನು ಓದುವಾಗ ಮರೆಯಬಾರದ ಸಂಗತಿಯೆಂದರೆ, ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಇಂದಿಗೂ ಒಂದೆರಡು ವಾಹನಗಳ ಮಾಲೀಕರವು. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವನಿಗೆ ಲೆಕ್ಕಪುಸ್ತಕದ ಬದಲು ಅಂದಾಜಿನ ಮೇಲೆ ತೆರಿಗೆ ಕಟ್ಟುವ ಸೌಲಭ್ಯವನ್ನು ಆದಾಯ ತೆರಿಗೆಯ ಕಾನೂನು ೧೯೯೪ರಲ್ಲಿ ಕಲ್ಪಿಸಿತು. ಲೆಕ್ಕ ಬರೆಯುವ ಶಕ್ತಿಯಿಲ್ಲದ ಒಂದು ದೊಡ್ಡ ವರ್ಗ ಈ ವ್ಯವಹಾರದಲ್ಲಿದೆಯೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಈ ಸಣ್ಣ ಮಾಲೀಕನ ಒಡೆತನವನ್ನು ಪರಿಶೀಲಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಸಾಲದ ಮೇಲೆ ಕೊಂಡ ಲಾರಿಯ ನೋಂದಣಿ ಪುಸ್ತಕದಲ್ಲಿ ಅವನ ಹೆಸರಿನೊಡನೆ ಸಾಲ ಕೊಟ್ಟವರ ಹೆಸರೂ ದಾಖಲಾಗಿರುತ್ತದೆ. ೧೯೮೮ರ ಅಧಿನಿಯಮದ ಪ್ರಕಾರ, ಸಾಲದ ಒಪ್ಪಂದದ ಮೇಲೆ ವಾಹನವನ್ನು ಸ್ವಾಧೀನದಲ್ಲಿಟ್ಟುಕೊಂಡವನೇ ಮಾಲೀಕ. ಎಂದರೆ ಅಪಘಾತದ ಹೊಣೆ, ತೆರಿಗೆಯ ಹೊಣೆ, ದಂಡದ ಹೊಣೆ ಅವನದು. ಆದರೆ ಕಂತು ತಪ್ಪಿದರೆ ಲಾರಿ ಅವನ ಬಾಗಿಲಿನಲ್ಲಿ ಉಳಿಯುವುದಿಲ್ಲ. ಬಾಡಿಗೆಯನ್ನು ಗೊತ್ತುಪಡಿಸುವವನು ದಲ್ಲಾಳಿ ಅಥವಾ ಬುಕಿಂಗ್ ಸಂಸ್ಥೆ. ಡೀಸೆಲಿನ ಬೆಲೆಯನ್ನು ಗೊತ್ತುಪಡಿಸುವವರು ಇನ್ನಾರೋ. ಅನೇಕ ವೇಳೆ ಅವನೇ ಚಾಲಕನೂ ಹೌದು. ಸ್ವಂತ ಲಾರಿಗಳನ್ನುಳ್ಳ ದೊಡ್ಡ ಸಂಸ್ಥೆಯ ಚಾಲಕ ಸಂಬಳಗಾರ. ಅವನಿಗೆ ಒಡೆತನವಿಲ್ಲ, ಆದರೆ ಒಡೆತನದ ನಷ್ಟವೂ ಇಲ್ಲ. ಒಂಟಿ ಲಾರಿಯ ಮಾಲೀಕನಿಗೆ ಒಡೆತನದ ಹೊಣೆಯೆಲ್ಲ ಉಂಟು, ಅದರ ಅಧಿಕಾರ ಮಾತ್ರ ಸ್ವಲ್ಪ. ‘ಮಾಲೀಕ’ ಎಂಬ ಒಂದೇ ಮಾತು ಇಬ್ಬರಿಗೂ ಸಲ್ಲುವುದರಿಂದ ಈ ಅಂತರ ಮರೆಯಾಗುತ್ತದೆ.

ಈಚಿನ ಕಾನೂನುಗಳೂ ಒಟ್ಟಾರೆ ದೊಡ್ಡ ವ್ಯವಸ್ಥೆಯ ಕಡೆಗೆ ವಾಲಿವೆ. ೧೮೬೫ರ ಹಳೆಯ ಕಾನೂನಿನ ಸ್ಥಾನದಲ್ಲಿ ಬಂದ ೨೦೦೭ರ ರಸ್ತೆ ಸಾಗಣೆ ಅಧಿನಿಯಮವು ಬುಕಿಂಗ್ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯ ಮಾಡಿತು. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಯ ತೆರಿಗೆ ತನಿಖಾ ಠಾಣೆಗಳು ಮುಚ್ಚಿದವು. ೨೦೧೮ರ ಏಪ್ರಿಲ್ ೧ರಿಂದ ವಿದ್ಯುನ್ಮಾನ ಸಾಗಣೆ ಚೀಟಿ ಬಂದಿತು. ರಾಜ್ಯದೊಳಗಿನ ಸಾಗಣೆಗೂ ಇದನ್ನು ಮೊದಲು ಅನ್ವಯಿಸಿದ್ದು ಕರ್ನಾಟಕವೇ. ಗಡಿಯಲ್ಲಿ ಕಾಯುವ ಕಷ್ಟ ತಪ್ಪಿದ್ದರಿಂದ ಎಲ್ಲರಿಗೂ ಅನುಕೂಲವಾಯಿತು, ನಿಜ. ಆದರೆ ಪ್ರತಿ ಸರಕಿಗೂ ಲಿಖಿತ ದಾಖಲೆಯಿಡುವ ಕ್ರಮ, ಲೆಕ್ಕದ ಕಚೇರಿಯುಳ್ಳವನಿಗೆ ಹಗುರ, ಇಲ್ಲದವನಿಗೆ ಭಾರ.

೭. ಸಂಶೋಧಕರಿಗೆ ಒಂದು ಸೂಚನೆ

ಈ ಲೇಖನದಲ್ಲಿ ದೊಡ್ಡ ಸಂಸ್ಥೆಯ ವಿಷಯವಾಗಿ ಇಷ್ಟನ್ನು ಖಚಿತವಾಗಿ ಹೇಳಲು ಸಾಧ್ಯವಾದದ್ದು ಏಕೆ? ಅದು ಷೇರುಪೇಟೆಗೆ ಬಂದ ಕಾರಣ ತನ್ನ ಚರಿತ್ರೆ, ಸಾಲ, ಪಾಲುದಾರಿಕೆಗಳನ್ನು ಸಾರ್ವಜನಿಕ ಪತ್ರದಲ್ಲಿ ಪ್ರಕಟಿಸಲೇಬೇಕಾಯಿತು. ಷೇರು ನೀಡಿಕೆಯ ವಿವರಣ ಪತ್ರವನ್ನು ನಾವು ಹಣಕಾಸಿನವರ ಕಾಗದವೆಂದು ಬದಿಗಿಡುತ್ತೇವೆ. ಶಾಸನಗಳನ್ನು ಓದುವ ಶ್ರದ್ಧೆಯಿಂದ ಅದನ್ನು ಓದಿದರೆ, ದಾನ ಯಾರದು, ಭೂಮಿ ಎಷ್ಟು, ಸಾಕ್ಷಿ ಯಾರು ಎಂದು ಶಿಲಾಶಾಸನ ಹೇಳುವಂತೆ ಅದೂ ಹೇಳುತ್ತದೆ. ಆದರೆ ಶಾಸನದಂತೆಯೇ ಅದೂ ಬರೆಸಿದವನ ದೃಷ್ಟಿಯಿಂದ ಬರೆದದ್ದೆಂಬುದನ್ನು ಮರೆಯಬಾರದು.

ಸಣ್ಣ ಮಾಲೀಕನಿಗೆ ಇಂಥ ಶಾಸನವಿಲ್ಲ. ಅವನ ದಾಖಲೆಯೆಂದರೆ ಎಣ್ಣೆ ಹತ್ತಿದ ನೋಂದಣಿ ಪುಸ್ತಕ, ಕಂತಿನ ಚೀಟಿಗಳು, ಇಂಗಾಲದ ಕಾಗದದಲ್ಲಿ ಬರೆದ ಲಾರಿ ರಸೀದಿಗಳು, ಬುಕಿಂಗ್ ಕಚೇರಿಯ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ. ಲಾರಿ ಮಾರಿದ ದಿನ ಇವು ರದ್ದಿಗೆ ಹೋಗುತ್ತವೆ. ಈಗ ಎಲ್ಲವೂ ಯಂತ್ರಕ್ಕೆ ಏರುತ್ತಿರುವುದರಿಂದ ಹಳೆಯ ಪುಸ್ತಕಗಳನ್ನು ಇಟ್ಟುಕೊಳ್ಳಲು ಯಾರಿಗೂ ಕಾರಣವಿಲ್ಲ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಾಲೇಜುಗಳಲ್ಲಿ ಚರಿತ್ರೆಯನ್ನು ಬೋಧಿಸುವ ಸಹೋದ್ಯೋಗಿಗಳು ತಮ್ಮ ವಿದ್ಯಾರ್ಥಿಗಳಿಂದ ಇಂಥ ಹತ್ತು ಮನೆಗಳ ಕಾಗದಗಳನ್ನು ಪಟ್ಟಿ ಮಾಡಿಸಿ, ಹತ್ತು ಮಂದಿ ಹಳೆಯ ಚಾಲಕರ ಮಾತನ್ನು ಬರೆದಿಡಿಸಿದರೆ ಅದು ಸಣ್ಣ ಕೆಲಸವಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಲಾರಿಯ ಮನೆಯಿಂದ ಬಂದವರು ಎಷ್ಟು ಮಂದಿ ಎಂಬುದನ್ನು ತರಗತಿಯಲ್ಲಿ ಕೇಳಿನೋಡಿದರೆ ಕೆಲಸ ಎಲ್ಲಿಂದ ಆರಂಭಿಸಬೇಕೆಂಬುದು ತಾನೇ ತಿಳಿಯುತ್ತದೆ. ಇದನ್ನು ಮಾಡದೆ ಬಿಟ್ಟರೆ ಮುಂದಿನ ಕಾಲದ ಓದುಗರಿಗೆ ಗೆದ್ದವನ ಒಂದು ಲಾರಿಯ ಕಥೆ ಉಳಿಯುತ್ತದೆ; ಅದೇ ವರ್ಷ, ಅದೇ ರಸ್ತೆಯಲ್ಲಿ, ಒಂದೇ ಲಾರಿಯಿಂದ ಆರಂಭಿಸಿ ಒಂದೇ ಲಾರಿಯಲ್ಲಿ ಮುಗಿಸಿದವರ ಕಥೆ ಉಳಿಯುವುದಿಲ್ಲ. ಇಬ್ಬರ ಚರಿತ್ರೆಯನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ನೆಲಮಂಗಲದ ಕೂಡುರಸ್ತೆಯಲ್ಲಿ ನಾವು ಕೇಳಿದ ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆತೀತು.